ತಾತ ಮಾತು ಬಿಟ್ಟ ಹತ್ತು ದಿನ

ನಮ್ಮ ಮನೆಯಲ್ಲಿ ಮೊದಲು ಮಾತು ಬಿಟ್ಟವನು ನಾನಲ್ಲ, ನನ್ನ ಮೊಮ್ಮಗ.

ಅವನು ಆರನೇ ಕ್ಲಾಸು. ನಾನು ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದ ಮೇಷ್ಟ್ರು. ಒಂದು ಸಂಜೆ ಕೊಳ್ಳೇಗಾಲದ ನಮ್ಮ ಮನೆ ಜಗಲಿಯ ಮೇಲೆ ಕೂರಿಸಿಕೊಂಡು ಹದಿನೇಳರ ಮಗ್ಗಿ ಕೇಳಿದೆ. ಹದಿನೇಳೇಳ್ಲ ನೂರ ಹತ್ತೊಂಬತ್ತರವರೆಗೂ ಚೆನ್ನಾಗಿಯೇ ಬಂದ. ‘ಹದಿನೇಳೆಂಟ್ಲ?’ ಎಂದೆ. ‘ನೂರ ಇಪ್ಪತ್ತಾರು’ ಎಂದ. ಮೂರು ಸಲ ಕೇಳಿದೆ, ಮೂರು ಸಲವೂ ಅದೇ. ನನಗೇನಾಯಿತೋ, ನೋಟ್ ಬುಕ್ ಕಿತ್ತು ಅಂಗಳಕ್ಕೆ ಎಸೆದು, ‘ತಲೇಲಿ ಮಣ್ಣು ತುಂಬ್ಕೊಂಡಿದ್ದೀಯ’ ಎಂದು ಕೂಗಿದೆ. ಅವನ ಗೆಳೆಯರಿಬ್ಬರು ಗೇಟಿನ ಹತ್ತಿರವೇ ನಿಂತಿದ್ದರು.

ಅವನು ಅಳಲಿಲ್ಲ. ಪುಸ್ತಕ ಎತ್ತಿಕೊಂಡು, ಮಣ್ಣು ಕೊಡವಿ, ಒಳಗೆ ಹೋದ. ಅಂದಿನಿಂದ ನನ್ನ ಹತ್ತಿರ ಮಾತಿಲ್ಲ. ಊಟಕ್ಕೆ ಕರೆದರೆ ಬರುತ್ತಾನೆ, ಕೇಳಿದ್ದನ್ನು ತಂದುಕೊಡುತ್ತಾನೆ, ತುಟಿ ಮಾತ್ರ ಬಿಚ್ಚುವುದಿಲ್ಲ. ಮೂರು ವಾರ ಹೀಗೇ ಹೋಯಿತು. ಹಿಂದೆ ಎಷ್ಟು ಮಕ್ಕಳಿಗೆ ಹೀಗೆ ಕೂಗಿರಬಹುದು ಎಂದು ಲೆಕ್ಕ ಹಾಕಲು ಕೂತರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲಿ, ‘ಅಪ್ಪಾ, ಹತ್ತು ದಿನದ ವಿಪಶ್ಯನಾ ಶಿಬಿರಕ್ಕೆ ಹೋಗಿ ಬಾ. ನಾನೂ ಹೋಗಿದ್ದೆ. ಅಲ್ಲಿ ಮಾತಾಡೋ ಹಾಗಿಲ್ಲ’ ಎಂದಳು. ಪಕ್ಕದಲ್ಲಿ ಕೇಳಿಸಿಕೊಂಡ ನನ್ನ ಹೆಂಡತಿ ನಕ್ಕುಬಿಟ್ಟಳು. ‘ಹತ್ ದಿನ ಮಾತಾಡ್ದೆ ಇದ್ದೀರಾ ನೀವು? ಹಂಗೇನಾದ್ರೂ ಇದ್ರೆ ಮಾದಪ್ಪನ ಬೆಟ್ಟಕ್ಕೆ ನಡ್ಕೊಂಡೇ ಹೋಗ್ತೀನಿ’ ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, ‘ಅದೇನು ಬುದ್ಧನ ಧರ್ಮಕ್ಕೆ ಸೇರಿಸೋ ಜಾಗವಾ?’ ಎಂದು ಕೇಳಿದಳು. ನನಗೂ ಅದೇ ಅನುಮಾನವಿತ್ತು.

ತುಮಕೂರು ರಸ್ತೆಯಿಂದ ಒಳಗೆ ಆಲೂರು ಎಂಬ ಹಳ್ಳಿ. ಅಲ್ಲಿರುವ ಧಮ್ಮ ಪಫುಲ್ಲ ಎಂಬ ಕೇಂದ್ರಕ್ಕೆ ಹೋದೆ. ಧ್ಯಾನದ ಹಾಲ್‌ನಲ್ಲಿ ವಿಗ್ರಹವಿಲ್ಲ, ದೀಪವಿಲ್ಲ, ಊದುಬತ್ತಿಯಿಲ್ಲ. ಸಾಲಾಗಿ ಕೂರುವ ದಿಂಬುಗಳು, ಅಷ್ಟೆ. ಹಣ ಕೇಳುವುದಿಲ್ಲ. ಹಿಂದೆ ಶಿಬಿರ ಮುಗಿಸಿದವರು ಕೊಟ್ಟ ದಾನದಿಂದಲೇ ನಮ್ಮ ಊಟ, ವಸತಿ. ಮೊದಲ ಸಂಜೆಯೇ ಫೋನು, ಪುಸ್ತಕ, ಪೆನ್ನು ಎಲ್ಲವನ್ನೂ ಒಪ್ಪಿಸಬೇಕು. ಕೊಲ್ಲಬಾರದು, ಕದಿಯಬಾರದು, ಸುಳ್ಳಾಡಬಾರದು ಮೊದಲಾದ ಐದು ಶೀಲಗಳಿಗೆ ಒಪ್ಪಬೇಕು. ಆಮೇಲೆ ಮೌನ. ಬಾಯಿಯದು ಮಾತ್ರವಲ್ಲ, ಕೈಸನ್ನೆ ಕಣ್ಸನ್ನೆಯೂ ಇಲ್ಲ. ಇದಕ್ಕೆ ಅವರು ಆರ್ಯ ಮೌನ ಎನ್ನುತ್ತಾರೆ. ಅನುಮಾನವಿದ್ದರೆ ಗುರುಗಳನ್ನು ಮಾತ್ರ ಕೇಳಬಹುದು.

ಬೆಳಗಿನ ಜಾವ ನಾಲ್ಕಕ್ಕೆ ಗಂಟೆ. ನಾಲ್ಕೂವರೆಗೆ ಧ್ಯಾನ ಶುರು. ಆರೂವರೆಗೆ ತಿಂಡಿ, ಹನ್ನೊಂದಕ್ಕೆ ಊಟ. ಸಂಜೆ ಐದಕ್ಕೆ ಹಣ್ಣು, ಟೀ, ಒಂದಿಷ್ಟು ಪುರಿ. ರಾತ್ರಿ ಊಟವಿಲ್ಲ ಎಂಬುದು ಅಲ್ಲಿಗೆ ಹೋದ ಮೇಲೆ ನನ್ನ ತಲೆಗೆ ಇಳಿಯಿತು. ರಾಗಿ ಮುದ್ದೆ ಉಂಡು ಮಲಗುವ ಜೀವ. ಮೊದಲ ರಾತ್ರಿ ಹೊಟ್ಟೆಯೊಂದೇ ಮೌನ ಮುರಿದದ್ದು.

ಮೊದಲ ಮೂರು ದಿನ ಮಾಡುವ ಕೆಲಸ ಕೇಳಿದರೆ ಮಕ್ಕಳೇ, ನೀವು ನಗುತ್ತೀರಿ. ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಗಮನಿಸುವುದು. ಇದಕ್ಕೆ ಆನಾಪಾನ ಎಂದು ಹೆಸರು. ಪ್ರಾಣಾಯಾಮದ ಹಾಗೆ ಉಸಿರನ್ನು ಹಿಡಿಯುವಂತಿಲ್ಲ, ಎಣಿಸುವಂತಿಲ್ಲ, ಯಾವ ಮಂತ್ರವನ್ನೂ ಹೇಳಿಕೊಳ್ಳುವಂತಿಲ್ಲ. ಬಂದ ಹಾಗೆ ನೋಡಬೇಕು. ಸುಲಭ ಅಂದುಕೊಂಡಿರಾ? ಹತ್ತು ಉಸಿರು ನೋಡುವುದರೊಳಗೆ ನನ್ನ ಮನಸ್ಸು ಕೊಳ್ಳೇಗಾಲದ ಬಸ್ ಸ್ಟ್ಯಾಂಡು, ಪೆನ್ಷನ್ ಅರಿಯರ್ಸು, ಯಳಂದೂರಿನ ತಂಗಿ ಮನೆ ಜಗಳ ಎಲ್ಲವನ್ನೂ ಸುತ್ತಿ ಬರುತ್ತಿತ್ತು. ಕೊನೆಗೆ ಬಂದು ನಿಲ್ಲುತ್ತಿದ್ದುದು ಮಾತ್ರ ಒಂದೇ ಕಡೆ, ಹದಿನೇಳೆಂಟ್ಲ.

ಸಂಜೆ ಹೊತ್ತು ಸತ್ಯನಾರಾಯಣ ಗೋಯೆಂಕಾ ಅವರ ಧ್ವನಿಮುದ್ರಿತ ಪ್ರವಚನ. ಅವರ ಕಥೆ ನನಗೆ ಹಿಡಿಸಿತು. 1924ರಲ್ಲಿ ಬರ್ಮಾದ ಮಾಂಡಲೆಯಲ್ಲಿ ಮಾರ್ವಾಡಿ ಮನೆತನದಲ್ಲಿ ಹುಟ್ಟಿದವರು, ದೊಡ್ಡ ವ್ಯಾಪಾರಿ. ಭಯಂಕರ ತಲೆನೋವು. ವಿದೇಶದ ವೈದ್ಯರಿಗೆಲ್ಲ ತೋರಿಸಿದರೂ ಗುಣವಾಗಲಿಲ್ಲ. 1955ರಲ್ಲಿ ರಂಗೂನಿನ ಸಯಾಜಿ ಉ ಬಾ ಖಿನ್ ಎಂಬುವರ ಬಳಿ ಹೋದರು. ಈ ಗುರು ಸನ್ಯಾಸಿಯಲ್ಲ, ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್! ‘ತಲೆನೋವು ವಾಸಿ ಮಾಡಿಕೊಳ್ಳಲು ಬರುವುದಾದರೆ ಬರಬೇಡಿ, ಮನಸ್ಸನ್ನು ತೊಳೆದುಕೊಳ್ಳಲು ಬನ್ನಿ’ ಎಂಬ ಅರ್ಥದಲ್ಲಿ ಅವರು ಹೇಳಿದರಂತೆ. ಧರ್ಮ ಬಿಟ್ಟುಬಿಡಬೇಕಾದೀತೇ ಎಂದು ನನ್ನ ಹೆಂಡತಿಯ ಹಾಗೆಯೇ ಗೋಯೆಂಕಾ ಅವರೂ ಹೆದರಿದ್ದರು. 1969ರಲ್ಲಿ ಅವರು ಭಾರತಕ್ಕೆ ಬಂದು ಕಲಿಸಲು ತೊಡಗಿದರು. ಯಾವ ಮತದವರಾದರೂ ತಮ್ಮ ಮತದಲ್ಲೇ ಇದ್ದು ಕಲಿಯಬಹುದು ಎಂಬುದು ಅವರ ಮಾತು. 1994ರಲ್ಲಿ ದೆಹಲಿಯ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಶಿಬಿರಕ್ಕೆ ಕೂತಿದ್ದರು. ಗೋಯೆಂಕಾ 2013ರಲ್ಲಿ ತೀರಿಕೊಂಡರು.

ನಾಲ್ಕನೇ ದಿನದಿಂದ ವಿಪಶ್ಯನಾ. ನೆತ್ತಿಯಿಂದ ಪಾದದವರೆಗೆ ಮನಸ್ಸನ್ನು ಓಡಿಸಿ, ಎಲ್ಲಿ ನೋವು, ಎಲ್ಲಿ ನವೆ, ಎಲ್ಲಿ ಬಿಸಿ ಎಂದು ನೋಡುತ್ತಾ ಹೋಗಬೇಕು. ಕೆರೆದುಕೊಳ್ಳುವಂತಿಲ್ಲ. ದಿನಕ್ಕೆ ಮೂರು ಸಲ, ಒಂದೊಂದು ಗಂಟೆ, ಕೈಕಾಲು ಅಲುಗಿಸದೆ ಕೂರಬೇಕು. ನನ್ನ ಮಂಡಿಗೆ ಅರವತ್ತೆಂಟು ವರ್ಷ. ಎರಡು ದಿನ ಹಲ್ಲು ಕಚ್ಚಿ, ಮೂರನೆಯ ದಿನ ನಾಚಿಕೆ ಬಿಟ್ಟು ಕುರ್ಚಿ ಕೇಳಿ ಪಡೆದೆ.

ಏಳನೇ ದಿನ ಮಧ್ಯಾಹ್ನ ಆ ಸಂಜೆ ಮತ್ತೆ ನೆನಪಾಯಿತು. ಹುಡುಗ ‘ನೂರ ಇಪ್ಪತ್ತಾರು’ ಎಂದದ್ದು ಕೇಳಿಸಿದ ಹಾಗಾಯಿತು. ಕೂತಲ್ಲೇ ನನ್ನ ಎರಡೂ ಕಿವಿ ಕಾದವು. ಆಮೇಲೆ ಕುತ್ತಿಗೆ, ಆಮೇಲೆ ಬಲಗೈ. ಎದುರಿಗೆ ಯಾರೂ ಇಲ್ಲ, ನೋಟ್ ಬುಕ್ಕೂ ಇಲ್ಲ, ಕೋಪ ಮಾತ್ರ ಪೂರ್ತಿ ಬಂದಿತ್ತು! ಸುಮ್ಮನೆ ನೋಡಿದೆ. ಸ್ವಲ್ಪ ಹೊತ್ತಿಗೆ ಕಿವಿ ತಣ್ಣಗಾಯಿತು. ಉಳಿದದ್ದು ಹುಡುಗ ಬಗ್ಗಿ ಪುಸ್ತಕದ ಮಣ್ಣು ಕೊಡವಿದ್ದು ಮಾತ್ರ. ಅದನ್ನು ನೋಡುತ್ತಾ ಕೂರುವುದು ಮಂಡಿ ನೋವಿಗಿಂತ ಕಷ್ಟವಿತ್ತು.

ಶಿಬಿರ ಎಲ್ಲರಿಗೂ ಹೊಂದುತ್ತದೆ ಎಂದು ನಾನು ಹೇಳಲಾರೆ. ನನ್ನ ಪಕ್ಕದ ದಿಂಬಿನವರು ಮೂರನೇ ದಿನವೇ ಗಂಟು ಕಟ್ಟಿದರು. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಇದು ಸರಿಯಲ್ಲ ಎಂದು ಕೇಂದ್ರದವರೇ ಮೊದಲೇ ತಿಳಿಸುತ್ತಾರೆ. ಎಂಟು ವರ್ಷ ದಾಟಿದ ಮಕ್ಕಳಿಗೆ ಉಸಿರು ನೋಡುವ ಆನಾಪಾನದ ಪುಟ್ಟ ಶಿಬಿರಗಳು ಬೇರೆಯೇ ಇವೆ. ಮೊಮ್ಮಗನನ್ನು ಅಲ್ಲಿಗೆ ಎಳೆದುಕೊಂಡು ಹೋಗುವ ಆಸೆ ನನಗೆ ಬಂದಿತ್ತು, ಮೇಷ್ಟ್ರ ಬುದ್ಧಿ. ಹೇಗೋ ತಡೆದುಕೊಂಡೆ.

ಊರಿಗೆ ಬಂದ ರಾತ್ರಿ ಅವನ ಪಕ್ಕ ಕೂತು, ‘ಅವತ್ತು ತಪ್ಪು ನಂದೇ ಕಣಪ್ಪ. ನಿನ್ನ ಫ್ರೆಂಡ್ಸ್ ಮುಂದೆ ಹಂಗನ್ನಬಾರ್ದಿತ್ತು’ ಎಂದೆ. ಅವನು ತಲೆಯಾಡಿಸಿದ. ಮಾತಾಡಲಿಲ್ಲ.

ಎರಡನೇ ಭಾನುವಾರ ಅವನನ್ನು ಒಡೆಯರಪಾಳ್ಯಕ್ಕೆ ಕರೆದುಕೊಂಡು ಹೊರಟೆ. ನಮ್ಮ ಹನೂರು ತಾಲ್ಲೂಕಿನಲ್ಲೇ, ಲೊಕ್ಕನಹಳ್ಳಿ ದಾಟಿದ ಮೇಲೆ ಸಿಗುವ ಟಿಬೆಟಿಯನ್ನರ ಊರು ಅದು. 1959ರಲ್ಲಿ ದಲೈ ಲಾಮಾ ಅವರ ಹಿಂದೆ ನೆಲ ಬಿಟ್ಟು ಬಂದವರಿಗೆ ಕರ್ನಾಟಕದಲ್ಲಿ ಹಲವು ಕಡೆ ಜಾಗ ಸಿಕ್ಕಿತು. ಇಲ್ಲಿಯ ಧೊಂಡೆನ್‌ಲಿಂಗ್ ಶಿಬಿರ ಶುರುವಾದದ್ದು 1970ರ ದಶಕದ ಮೊದಲ ಭಾಗದಲ್ಲಿ. ಹಿಮದ ನಾಡಿನವರು ನಮ್ಮ ಬಿಸಿಲಿಗೆ ಬಂದು, ಕಾಡಂಚಿನಲ್ಲಿ ಮುಸುಕಿನ ಜೋಳ ಬೆಳೆದು, ಆನೆ ಕಾದು ಬದುಕಿದವರು. ಬಸ್ಸಿನಲ್ಲಿ ಹುಡುಗ ನನ್ನ ಪಕ್ಕ ಕೂರದೆ ಮುಂದಿನ ಸೀಟಿಗೆ ಹೋದ.

ಊರ ತುಂಬ ಬಣ್ಣದ ಪತಾಕೆಗಳು. ಅಜ್ಜಿಯೊಬ್ಬರು ಜಪಮಣಿ ಎಣಿಸುತ್ತಾ ಪ್ರಾರ್ಥನಾ ಚಕ್ರ ತಿರುಗಿಸುತ್ತಿದ್ದರು. ಇಲ್ಲಿಯ ಬೌದ್ಧ ಧರ್ಮದಲ್ಲಿ ವಿಗ್ರಹ, ದೀಪ, ಕಹಳೆ ಎಲ್ಲವೂ ಉಂಟು. ನಾನು ಕೂತು ಬಂದ ಬರಿಯ ಹಾಲ್‌ಗೂ ಇದಕ್ಕೂ ಎಷ್ಟು ದೂರ ಎನಿಸಿತು. ಝೋಗ್‌ಚೆನ್ ಮಠದ ಕಡೆ ಹೋದೆವು. ಕೆಂಪು ಬಟ್ಟೆಯ ಪುಟ್ಟ ಪುಟ್ಟ ಭಿಕ್ಷುಗಳು, ನನ್ನ ಮೊಮ್ಮಗನ ವಯಸ್ಸಿನವರೇ, ಚಕ್ಕಂಬಟ್ಟಲು ಹಾಕಿ ಕೂತು, ಹಿಂದೆ ಮುಂದೆ ತೂಗುತ್ತಾ, ಗಂಟಲು ಹರಿಯುವ ಹಾಗೆ ಏನೋ ಹೇಳಿಕೊಳ್ಳುತ್ತಿದ್ದರು. ಒಬ್ಬ ತಪ್ಪಿ ನಿಂತ. ಪಕ್ಕದವನು ಮೊಣಕೈಯಲ್ಲಿ ತಿವಿದ.

ಹುಡುಗ ಕಣ್ಣರಳಿಸಿ ನೋಡಿದ. ‘ತಾತ, ಇವ್ರೂ ಮಗ್ಗಿ ಬಾಯಿಪಾಠ ಮಾಡ್ತಾವ್ರೆ!’ ಎಂದ.

ಎಷ್ಟು ದಿನದ ಮೇಲೆ ಕೇಳಿದ ‘ತಾತ’! ಅದು ಮಗ್ಗಿಯಲ್ಲ, ಮಂತ್ರ ಎಂದು ತಿದ್ದಲು ಬಾಯಿ ತೆರೆದವನು ಮುಚ್ಚಿಕೊಂಡೆ. ‘ಹೂಂ ಕಣಪ್ಪ’ ಎಂದೆ. ವಾಪಸು ಬರುವಾಗ ಅವನು ನನ್ನ ಪಕ್ಕದಲ್ಲೇ, ಕಿಟಕಿ ಕಡೆ ಕೂತ. ಏಳನೇ ದಿನದ ಕಿವಿಯ ಕಥೆಯನ್ನು ಅಲ್ಲೇ ಅವನಿಗೆ ಹೇಳಿದೆ.

ಈಗ ದಿನಾ ಬೆಳಿಗ್ಗೆ ಅರ್ಧ ಗಂಟೆ ಕೂರುತ್ತೇನೆ. ಕೋಪ ಹೋಗಿಲ್ಲ. ಹೋದ ವಾರ ಕರೆಂಟ್ ಬಿಲ್ ನೋಡಿ ಸ್ವರ ಏರಿಸಿದ್ದೆ ಅಷ್ಟೆ, ಹೋಂವರ್ಕ್ ಮಾಡುತ್ತಿದ್ದ ಹುಡುಗ ತಲೆಯೆತ್ತದೆ ಅಂದ: ‘ತಾತ, ಕಿವಿ!’

ಕೈ ಹಾಕಿ ನೋಡಿಕೊಂಡೆ. ಕಾದಿತ್ತು.