ಮಳೆ ಹಿಡಿದ ಬೇಸಿಗೆಯ ತೋಟಪೀಡೆಗಳು: ಮುಳಗುಂದದ ಒಂದು ಶಾಸನವನ್ನು ನಿಮಿತ್ತವಾಗಿಟ್ಟುಕೊಂಡು

ಮುಳಗುಂದದ ಶಾಸನಗಳಲ್ಲಿ ಶಕವರ್ಷ 824ರದು, ಎಂದರೆ ಕ್ರಿ. ಶ. 902–03ರದು, ಚರಿತ್ರೆಯ ವಿದ್ಯಾರ್ಥಿಗಳಿಗೆ ಸುಪರಿಚಿತವಾದುದು. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳಿಕೆಯಲ್ಲಿ ಚಂದ್ರಾರ್ಯನ ಮಗನಾದ ಚೀಕಾರ್ಯನೆಂಬ ವೈಶ್ಯನು ಇಲ್ಲಿ ಉನ್ನತವಾದ ಜಿನಾಲಯವೊಂದನ್ನು ಕಟ್ಟಿಸಿದನೆಂದೂ, ಆ ಮನೆತನದ ಅರಸಾರ್ಯನು ಬಸದಿಗೆಂದು ಕನಕಸೇನ ಮುನಿಗೆ ಭೂಮಿಯನ್ನು ಒಪ್ಪಿಸಿದನೆಂದೂ ಅದು ತಿಳಿಸುತ್ತದೆ. ನಮ್ಮ ಗಮನವನ್ನು ಸೆಳೆಯುವುದು ಆ ಭೂಮಿಯ ಅಳತೆ. ಅದನ್ನು ಮತ್ತರುಗಳಲ್ಲಿ ಹೇಳದೆ ಸಾವಿರ ಬಳ್ಳಿಗಳ ಪ್ರಮಾಣದ ಕ್ಷೇತ್ರವೆಂದು ಹೇಳಿದೆ. ಬಳ್ಳಿಯೆಂದರೆ ಇಲ್ಲಿ ವೀಳ್ಯದ ಬಳ್ಳಿಯೇ ಎಂದು ನಾವು ತಿಳಿಯುತ್ತೇವೆ. ಎಣಿಸಿ ಲೆಕ್ಕವಿಡುವಷ್ಟು ಬೆಲೆಯುಳ್ಳ ಬಳ್ಳಿ ಆ ಕಾಲದಲ್ಲಿ ಬೇರೊಂದು ಇದ್ದಂತೆ ತೋರುವುದಿಲ್ಲ.

ಹೀಗೆ ನೆಲವನ್ನು ಬಳ್ಳಿಯಿಂದ ಅಳೆದಲ್ಲಿ ದತ್ತಿಯ ಆದಾಯವೂ ಬಳ್ಳಿಯ ಆಯುಸ್ಸನ್ನೇ ಅವಲಂಬಿಸಿರಬೇಕಷ್ಟೆ. ದಾನವು ಚಂದ್ರಸೂರ್ಯರಿರುವವರೆಗೆ ನಡೆಯಲೆಂದು ನಮ್ಮ ಶಾಸನಗಳು ಹಾರೈಸುತ್ತವೆ. ಅದನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಕ್ರಿಮಿಯಾಗಿ ಹುಟ್ಟಲೆಂದು ಶಪಿಸುತ್ತವೆ. ತೋಟವನ್ನು ದಿನವೂ ಅಪಹರಿಸುತ್ತಿದ್ದ ನಿಜವಾದ ಕ್ರಿಮಿಗಳ ವಿಷಯದಲ್ಲಿ ಮಾತ್ರ ಅವು ಮೌನವಾಗಿವೆ. ಆ ಮೌನವನ್ನು ಅಲ್ಪಸ್ವಲ್ಪ ತುಂಬುವುದೂ, ಹಿತ್ತಲಿನಲ್ಲಿ ನಾಲ್ಕು ಗಿಡಗಳನ್ನಿಟ್ಟುಕೊಂಡಿರುವ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಉಪಯೋಗವಾಗುವಂತೆ ಪೀಡೆಗಳ ಗುರುತನ್ನು ಹೇಳುವುದೂ ಈ ಲೇಖನದ ಉದ್ದೇಶ.

ಗದಗ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು. ಸಾಮಾನ್ಯವಾಗಿ ಚೈತ್ರ ವೈಶಾಖಗಳ ಬಿಸಿಲು ಎರೆಯ ಭೂಮಿಯನ್ನು ಬಿರಿಯುವಂತೆ ಕಾಯಿಸಿ, ಮಣ್ಣಿನಲ್ಲಿ ಅಡಗಿದ ಕೋಶ ಮೊಟ್ಟೆಗಳನ್ನು ಬಹುಮಟ್ಟಿಗೆ ನಾಶಮಾಡುತ್ತದೆ. ಭರಣಿ ಕೃತ್ತಿಕೆಗಳಲ್ಲಿಯೇ ಅಡ್ಡಮಳೆ ಮೇಲಿಂದ ಮೇಲೆ ಬಿದ್ದ ವರ್ಷ ಈ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಎಳೆಯ ಚಿಗುರು, ಬೆಚ್ಚನೆಯ ಹವೆ, ಆರದ ನೆಲ ಈ ಮೂರೂ ಒಂದೇ ಕಾಲಕ್ಕೆ ಕೂಡುವುದರಿಂದ ಮುಂಗಾರಿನಲ್ಲಿ ಬರಬೇಕಾದ ಹುಳುಗಳು ಬೇಸಿಗೆಯಲ್ಲಿಯೇ ಕಾಣಿಸಿಕೊಳ್ಳುತ್ತವೆ.

ಅಂಥ ಒಂದು ವೈಶಾಖದಲ್ಲಿ ನಮ್ಮ ಹಿತ್ತಲಿನ ಮೆಣಸಿನ ಸಸಿಗಳು ಮೂರು ರಾತ್ರಿಗಳಲ್ಲಿ ಮೊಂಡುಗಳಾದವು. ಕಂಬಳಿಹುಳುವಿನ ಕೆಲಸವೆಂದು ನಿಶ್ಚಯಿಸಿ ಔಷಧವನ್ನು ತಂದು ಎರಡು ಸಲ ಸಿಂಪಡಿಸಿದೆವು, ಪ್ರಯೋಜನವಾಗಲಿಲ್ಲ. ಕಡೆಗೆ ಒಂದು ದಿನ ಬೆಳಗಿನ ಜಾವದಲ್ಲಿ ದೀಪ ಹಿಡಿದು ನೋಡಿದಾಗ ಮಣ್ಣಿನ ಮೇಲೆ ಬೆಳ್ಳಿಯ ಗೆರೆಗಳಂತೆ ಲೋಳೆ ಹೊಳೆಯುತ್ತಿತ್ತು. ಕಳ್ಳನು ಬಸವನಹುಳು. ಕೀಟಗಳಿಗೆಂದು ಮಾಡಿದ ವಿಷವು ಮೃದ್ವಂಗಿಯಾದ ಇದಕ್ಕೆ ನಾಟುವುದು ತೀರ ಕಡಿಮೆ. ಶಾಸನದ ಅಕ್ಷರವನ್ನು ತಪ್ಪಾಗಿ ಓದಿದರೆ ಯಾರಿಗೂ ನೋವಾಗದು. ಇಲ್ಲಿ ಓದು ತಪ್ಪಿದ್ದರಿಂದ ನಾವು ತಿನ್ನಬೇಕಾದ ಕೊತ್ತಂಬರಿಯ ಮೇಲೆ ಎರಡು ಸಲ ವಿಷ ಬಿದ್ದಿತ್ತು.

ಕೈಮುಷ್ಟಿಯಷ್ಟು ದೊಡ್ಡದಾಗುವ ಆಫ್ರಿಕಾದ ಬಸವನಹುಳು ಈ ನೆಲದ್ದಲ್ಲ. 1847ರಲ್ಲಿ ಬೆನ್ಸನ್ ಎಂಬ ಶಂಖಶಾಸ್ತ್ರಜ್ಞನು ಇದನ್ನು ಮಾರಿಷಸ್‌ನಿಂದ ಕಲಕತ್ತೆಗೆ ತಂದನು. ಅಲ್ಲಿಯ ತೋಟವೊಂದರಿಂದ ಹೊರಬಿದ್ದ ಅದರ ಸಂತತಿ ದೇಶವನ್ನೆಲ್ಲ ಹಬ್ಬಿತು. ಒಣಗಾಲದಲ್ಲಿ ಚಿಪ್ಪಿನ ಬಾಯನ್ನು ಮುಚ್ಚಿಕೊಂಡು ನಿದ್ರಿಸುವ ಪ್ರಾಣಿಯನ್ನು ಅಕಾಲದ ಮಳೆ ಎಬ್ಬಿಸುತ್ತದೆ. ಸಂಜೆ ಒದ್ದೆಮಾಡಿದ ಗೋಣಿಚೀಲವನ್ನು ಹಾಸಿ ಅದರಡಿ ಪಪಾಯಿಯ ಎಲೆಯನ್ನೋ ಕೋಸಿನ ಸಿಪ್ಪೆಯನ್ನೋ ಇಟ್ಟರೆ ಬೆಳಗಾಗುವ ಹೊತ್ತಿಗೆ ಅಲ್ಲಿ ಗುಂಪುಗೂಡಿರುತ್ತವೆ. ಬರಿಗೈಯಿಂದ ಮುಟ್ಟದೆ ಆರಿಸಿ ಉಪ್ಪುನೀರಿಗೆ ಹಾಕಬೇಕು. ಸುತ್ತಲೂ ಸುಣ್ಣ ಬೂದಿಗಳ ಗೆರೆ ಎಳೆಯುವ ರೂಢಿಯುಂಟು. ಗೆರೆ ಒಣಗಿರುವಾಗ ಮಾತ್ರ ಅದು ತಡೆ, ಒಂದು ಮಳೆಗೆ ಅದು ಮುಗಿಯಿತು. ಮೆಟಾಲ್ಡಿಹೈಡ್ ಎಂಬ ಗುಳಿಗೆಗಳು ನಾಯಿ ದನಗಳಿಗೂ ಮಾರಕವಾದುದರಿಂದ ಮನೆಯಂಗಳಕ್ಕೆ ತಕ್ಕವಲ್ಲ.

ಕಂಬಳಿಹುಳುವಿನ ರೀತಿ ಬೇರೆ. ಅದು ಒಣಗಾಲವನ್ನು ನೆಲದೊಳಗೆ ಕೋಶವಾಗಿ ಕಳೆದು, ಮೊದಲ ದೊಡ್ಡ ಮಳೆಯಾದ ಕೆಲವೇ ದಿನಗಳಲ್ಲಿ ಬಿಳಿರೆಕ್ಕೆಯ ಪತಂಗವಾಗಿ ಹೊರಬರುತ್ತದೆ. ಮೊಟ್ಟೆಗಳು ಎಲೆಯಡಿಯಲ್ಲಿ ಗುಂಪಾಗಿರುತ್ತವೆ. ಎಳೆಯ ಹುಳುಗಳು ಒಂದೇ ಎಲೆಯ ಮೇಲೆ ಒತ್ತಾಗಿ ಕುಳಿತು ಹಸುರನ್ನು ಕೆರೆದು ಜಾಳಿಗೆ ಮಾಡುತ್ತವೆ. ಆ ಎಲೆಯನ್ನು ಅಂದೇ ಚಿವುಟಿ ಸುಟ್ಟರೆ ನೂರಾರು ಹುಳುಗಳು ಒಮ್ಮೆಗೇ ತೀರುತ್ತವೆ. ಕೂದಲು ಬೆಳೆದು ಚದುರಿದ ಮೇಲೆ ಔಷಧವೂ ಸೋಲುತ್ತದೆ. ಪತಂಗವು ಬೆಳಕಿಗೆ ಎರಗುವುದರಿಂದ ಮಳೆಯಾದ ನಾಲ್ಕಾರು ರಾತ್ರಿ ಹೊಲದ ಬದುವಿನಲ್ಲಿ ಬೆಂಕಿಯನ್ನೋ, ಕೆಳಗೆ ನೀರಿನ ಬೋಗುಣಿಯಿಟ್ಟ ದೀಪವನ್ನೋ ಇಡುವುದು ಶೇಂಗಾ ಬೆಳೆಯುವವರಿಗೆ ಗೊತ್ತಿರುವ ಉಪಾಯ. ಮಾಗಿಯ ಉಳುಮೆ ಕೋಶಗಳನ್ನು ಬಿಸಿಲಿಗೂ ಹಕ್ಕಿಗಳಿಗೂ ಒಡ್ಡುತ್ತದೆ.

ಮೆಣಸಿನ ಮುಟುರಿನಲ್ಲಿ ತಪ್ಪುಗ್ರಹಿಕೆಗೆ ಇನ್ನೂ ಹೆಚ್ಚಿನ ಅವಕಾಶವಿದೆ. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಿಚಿದ್ದರೆ ಥ್ರಿಪ್ಸ್. ಕೆಳಕ್ಕೆ ಮಡಿಚಿ ತೊಟ್ಟು ನೀಳವಾಗಿದ್ದರೆ ಮೈಟ್ ನುಸಿ. ಮೊದಲಿನದನ್ನು ರಭಸದ ಮಳೆಯೇ ತೊಳೆದುಬಿಡುತ್ತದೆ. ಎರಡನೆಯದು ಮೋಡದ ಬೆಚ್ಚನೆಯ ಹವೆಯಲ್ಲಿ ಹೆಚ್ಚುತ್ತದೆ. ಅದಕ್ಕೆ ನೀರಿನಲ್ಲಿ ಕರಗುವ ಗಂಧಕದ ಪುಡಿ ಸಾಕು.

ಹಳಬರು ಈ ವಿಷಯವನ್ನು ಅರಿಯದವರಲ್ಲ. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಗಿಡದ ರೋಗಕ್ಕೆ ಶೀತ, ಗಾಳಿ, ಬಿಸಿಲುಗಳನ್ನು ಕಾರಣವಾಗಿ ಹೇಳಿ, ಮೊದಲು ಕೆಟ್ಟ ಭಾಗವನ್ನು ಶಸ್ತ್ರದಿಂದ ತೆಗೆದು, ಆಮೇಲೆ ವಾಯುವಿಳಂಗ ತುಪ್ಪ ಕೆಸರುಗಳನ್ನು ಲೇಪಿಸಬೇಕೆಂದು ವಿಧಿಸುತ್ತಾನೆ. ಮುಳಗುಂದದ ದತ್ತಿಗೆ ಒಂದು ಶತಮಾನದ ಈಚೆಗೆ, ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರದಲ್ಲಿಯೂ ವೃಕ್ಷಾಯುರ್ವೇದಕ್ಕೆ ಸ್ಥಾನವುಂಟು. ತುಪ್ಪದ ಲೇಪವನ್ನು ನಾವು ಶಿಫಾರಸು ಮಾಡುವುದಿಲ್ಲ. ಔಷಧಕ್ಕೆ ಮುಂಚೆ ಕತ್ತಿಯೆಂಬ ಕ್ರಮ ಮಾತ್ರ ಇಂದಿಗೂ ಸರಿ.

ಇಪ್ಪತ್ತನೆಯ ಶತಮಾನ ಈ ಕ್ರಮವನ್ನು ತಿರುಗಿಸಿತು. ಡಿ.ಡಿ.ಟಿ., ಬಿ.ಎಚ್.ಸಿ. ಪುಡಿಗಳು ಮನೆಮನೆಯ ಮಾತಾದವು. ಡಿ.ಡಿ.ಟಿ.ಯನ್ನು ಬೇಸಾಯದಿಂದ 1989ರಲ್ಲಿ ಹಿಂತೆಗೆಯಲಾಯಿತು, ಬಿ.ಎಚ್.ಸಿ. 1997ರಲ್ಲಿ ನಿಷಿದ್ಧವಾಯಿತು. ಕಾಸರಗೋಡಿನ ಗೇರುತೋಟಗಳ ಮೇಲೆ ವಿಮಾನದಿಂದ ಎರಚಿದ ಎಂಡೋಸಲ್ಫಾನನ್ನು ಸರ್ವೋಚ್ಚ ನ್ಯಾಯಾಲಯ ತಡೆದುದು 2011ರಲ್ಲಿ. ಅಷ್ಟರಲ್ಲಿ ಎಣ್ಮಕಜೆಯಂಥ ಕನ್ನಡಿಗರ ಊರುಗಳು ಅದರ ಬೆಲೆಯನ್ನು ತೆತ್ತಿದ್ದವು. ಹಿತ್ತಲಿಗೆ ಬೇವಿನ ಬೀಜದ ಕಷಾಯವೇ ಮೇಲು. ಲೀಟರು ನೀರಿಗೆ 50 ಗ್ರಾಂ ಬೀಜವನ್ನು ಕುಟ್ಟಿ ರಾತ್ರಿ ನೆನೆಯಿಟ್ಟು, ಸೋಸಿ, ತುಸು ಸಾಬೂನು ಬೆರೆಸಿ ಸಂಜೆ ಸಿಂಪಡಿಸಬೇಕು. ಮಳೆ ಬಿದ್ದರೆ ಮತ್ತೊಮ್ಮೆ.

ಇನ್ನು ಸಾವಿರ ಬಳ್ಳಿಯ ಮಾತು. ಮಳೆ ಹಿಡಿದಾಗ ವೀಳ್ಯವನ್ನು ಕೊಲ್ಲುವುದು ಹುಳುವಲ್ಲ, ಕಣ್ಣಿಗೆ ಕಾಣದ ಫೈಟಾಫ್ತರ ಎಂಬ ಸೂಕ್ಷ್ಮಜೀವಿ. ಎಲೆಯ ಮೇಲೆ ನೀರು ತಾಗಿದಂಥ ದುಂಡು ಕಂದುಚುಕ್ಕೆ, ಬುಡದಲ್ಲಿ ಕೊಳೆ, ಆಮೇಲೆ ಬಳ್ಳಿಯೇ ಜೋಲುವುದು ಅದರ ಲಕ್ಷಣ. ಅಡಕೆಯ ಕೊಳೆರೋಗವೂ ಈ ಕುಲದ್ದೇ. ಮೈಸೂರಿನಲ್ಲಿ ಕೋಲ್ಮನ್ನನು 1910ರಲ್ಲಿ ಅದನ್ನು ಕುರಿತು ಬರೆದನು. ಕೀಟನಾಶಕವನ್ನು ಎಷ್ಟು ಸುರಿದರೂ ಇಲ್ಲಿ ವ್ಯರ್ಥ. ನಿಂತ ನೀರಿಗೆ ಕಾಲುವೆ ತೆಗೆದು, ಕೊಳೆತ ಬಳ್ಳಿಯನ್ನು ಬೇರುಸಹಿತ ಕಿತ್ತು ಸುಟ್ಟು, ಉಳಿದವುಗಳಿಗೆ ಬೋರ್ಡೋ ದ್ರಾವಣವನ್ನು ಹೊಡೆಯಬೇಕು. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಮಿಲಾರ್ದೆಯು 1885ರಲ್ಲಿ ಪ್ರಕಟಿಸಿದ ಈ ಮದ್ದಿಗೆ 100 ಲೀಟರು ನೀರು, ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಕಬ್ಬಿಣದ ಪಾತ್ರೆ ಸಲ್ಲದು. ಹೊಳೆಯುವ ಚಾಕುವಿನ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ತಾಮ್ರದ ಕೆಂಪು ಅಂಟಿದ್ದರೆ ಸುಣ್ಣ ಸಾಲದೆಂದು ತಿಳಿಯಬೇಕು; ಅಂಥದನ್ನು ಹೊಡೆದರೆ ಎಲೆ ಸುಡುತ್ತದೆ. ವೀಳ್ಯವನ್ನು ಬೇಯಿಸದೆ ಮೆಲ್ಲುವುದರಿಂದ, ಕೊಯ್ಲಿಗೆ ಬಂದ ಎಲೆಗಳನ್ನೆಲ್ಲ ಸಿಂಪಡಿಸುವ ಮುಂಚೆಯೇ ಕೊಯ್ದುಕೊಳ್ಳತಕ್ಕದ್ದು.