ಪಾರ್ಕಿಗೂ ಒಂದು ಪಿಎಚ್.ಡಿ.ಯೇ?

ಹನ್ನೆರಡನೆಯ ತರಗತಿ ಮುಗಿಯುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಮುಂದೇನು?" ಉತ್ತರವೂ ಸಾಮಾನ್ಯವಾಗಿ ಮೂರು ನಾಲ್ಕರಲ್ಲಿ ಮುಗಿದುಹೋಗುತ್ತದೆ. ಇಂಜಿನಿಯರಿಂಗ್, ವೈದ್ಯಕೀಯ, ಸಿ.ಎ., ಅದೂ ಅಲ್ಲವಾದರೆ ಎಂ.ಬಿ.ಎ. ಕಡೆಗೆ ಒಯ್ಯುವ ಯಾವುದಾದರೊಂದು ಪದವಿ. ಈ ದಾರಿಗಳಲ್ಲಿ ತಪ್ಪೇನೂ ಇಲ್ಲ. ಆದರೆ ಭಾಷೆ ಕಲಿಸುವ ನಾವು ಇನ್ನೊಂದು ಬಗೆಯ ಮಕ್ಕಳನ್ನೂ ದಿನವೂ ನೋಡುತ್ತೇವೆ. ಅಂಕಪಟ್ಟಿಯಲ್ಲಿ ಅವರು ನಡುವಿನವರು. ಆದರೆ ವಾರ್ಷಿಕೋತ್ಸವ ಬಂತೆಂದರೆ ನಲವತ್ತು ಮಂದಿಯನ್ನು ಕೂಡಿಸುವವರು, ಜಗಳ ಬಿಡಿಸುವವರು, ಕೊನೆಗೆ ಕುರ್ಚಿ ಎತ್ತಿಡುವವರೂ ಅವರೇ. ಇಂಥ ಮಗುವಿಗೆ ಯಾವ ಓದು ಎಂದು ತಂದೆತಾಯಿಗಳು ಕೇಳಿದಾಗ ನಮ್ಮಲ್ಲಿ ಸಿದ್ಧ ಉತ್ತರ ಇರುವುದಿಲ್ಲ.

ಅಂಥವರಿಗಾಗಿ ಅಷ್ಟಾಗಿ ಪರಿಚಯವಿಲ್ಲದ ಒಂದು ಓದನ್ನು ಇಲ್ಲಿ ತಿಳಿಸಬಯಸುತ್ತೇವೆ. ಉದ್ಯಾನ, ಆಟದ ಮೈದಾನ, ಮನೋರಂಜನಾ ಕೇಂದ್ರಗಳನ್ನು ನಡೆಸುವ ಲಾಭರಹಿತ ಸಂಸ್ಥೆಗಳಿಗೆ ನಾಯಕತ್ವ ಒದಗಿಸುವುದು ಹೇಗೆ ಎಂಬುದೇ ಆ ಶಾಸ್ತ್ರ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇದನ್ನು ಕಲಿಸುವ, ಇದರಲ್ಲಿ ಸಂಶೋಧನೆ ನಡೆಸುವ ಪ್ರಾಧ್ಯಾಪಕರಿದ್ದಾರೆ. "ಪಾರ್ಕ್ ನೋಡಿಕೊಳ್ಳುವುದಕ್ಕೂ ಪಿಎಚ್.ಡಿ. ಬೇಕೇ?" ಎಂದು ನಗು ಬರಬಹುದು. ನಗುವ ಮೊದಲು ಸ್ವಲ್ಪ ಚರಿತ್ರೆಯನ್ನು ನೋಡೋಣ.

ಬಾಸ್ಕೆಟ್‌ಬಾಲ್‌ನಿಂದ ಆರಂಭ

ನಮ್ಮ ಮಕ್ಕಳು ಆಡುವ ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ. ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ರೂಪಿಸುವಂತೆ ಜೇಮ್ಸ್ ನೇಸ್ಮಿತ್ ಎಂಬ ಶಿಕ್ಷಕರಿಗೆ ಅವರ ಮೇಲಧಿಕಾರಿ ಹೇಳಿದರು. ನೇಸ್ಮಿತ್ ಹಣ್ಣಿನ ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ ಚೆಂಡು ಹಾಕಿಸಿದರು. ನೇಸ್ಮಿತ್ ಹೆಸರು ಎಲ್ಲರಿಗೂ ಗೊತ್ತು. ಹಾಗೆ ಹೇಳಿದ ಮೇಲಧಿಕಾರಿ ಲೂಥರ್ ಗ್ಯುಲಿಕ್ ಅವರ ಹೆಸರು ಕೆಲವರಿಗಷ್ಟೇ ಗೊತ್ತು.

ಅದೇ ಗ್ಯುಲಿಕ್ 1906ರಲ್ಲಿ ಸ್ಥಾಪನೆಯಾದ ಅಮೆರಿಕದ ಆಟದ ಮೈದಾನಗಳ ಸಂಘಕ್ಕೆ ಮೊದಲ ಅಧ್ಯಕ್ಷರಾದರು. ಆಗ ಅಲ್ಲಿನ ನಗರಗಳು ಕಾರ್ಖಾನೆಗಳಿಂದ ತುಂಬಿದ್ದವು, ಬಡವರ ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರು. ಷಿಕಾಗೋದ ಹಲ್ ಹೌಸ್‌ನಲ್ಲಿ ಜೇನ್ ಆಡಮ್ಸ್ ಅವರಂಥವರು ವಲಸೆ ಬಂದ ಬಡ ಕುಟುಂಬಗಳ ಮಕ್ಕಳಿಗಾಗಿ ಆಟದ ಮೈದಾನ ಮಾಡಿಸಿದ್ದರು. ಇಂಥ ಪ್ರಯತ್ನಗಳನ್ನೆಲ್ಲ ಒಂದುಗೂಡಿಸಿದ್ದು ಆ ಸಂಘ. ಅದೇ ಸಂಘ ಹೆಸರು ಬದಲಿಸುತ್ತಾ ಬೆಳೆದು, 1965ರಲ್ಲಿ ಇತರ ಸಂಘಗಳ ಜೊತೆ ಸೇರಿ, ರಾಷ್ಟ್ರೀಯ ಮನೋರಂಜನೆ ಮತ್ತು ಉದ್ಯಾನ ಸಂಘವಾಯಿತು. ಈ ಕ್ಷೇತ್ರಕ್ಕೆ ತನ್ನದೇ ಆದ ಪದವಿಗಳು, ಪರೀಕ್ಷೆಗಳು, ಸಂಶೋಧನಾ ಪತ್ರಿಕೆಗಳು ಬಂದದ್ದು ಹೀಗೆ.

ಇದಕ್ಕೂ ನಮಗೂ ಒಂದು ನಂಟಿದೆ. ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಓದಿದ ಹ್ಯಾರಿ ಕ್ರೋ ಬಕ್ ಎಂಬುವರು 1920ರಲ್ಲಿ ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ದಕ್ಷಿಣ ಭಾರತದ ಎಷ್ಟೋ ಶಾಲೆಗಳ ವ್ಯಾಯಾಮ ಶಿಕ್ಷಕರು ತಯಾರಾದದ್ದು ಅಲ್ಲಿ.

ಲಾಭರಹಿತ ಎಂದರೆ ಏನು?

ಲಾಭರಹಿತ ಸಂಸ್ಥೆ ಎಂದರೆ ಹಣವೇ ಇಲ್ಲದ ಸಂಸ್ಥೆ ಎಂದಲ್ಲ. ವರ್ಷದ ಕೊನೆಗೆ ಹಣ ಉಳಿಯಬಹುದು, ಉಳಿಯಲೂ ಬೇಕು. ಆದರೆ ಅದನ್ನು ಮಾಲೀಕರು ಹಂಚಿಕೊಳ್ಳುವಂತಿಲ್ಲ, ಏಕೆಂದರೆ ಅಲ್ಲಿ ಮಾಲೀಕರೇ ಇಲ್ಲ. ಉಳಿಕೆ ಮತ್ತೆ ಸಂಸ್ಥೆಯ ಉದ್ದೇಶಕ್ಕೇ ಹೋಗಬೇಕು. ಮೇಲೊಂದು ಆಡಳಿತ ಮಂಡಳಿ, ಅದರ ಕೆಳಗೆ ಸಂಬಳ ಪಡೆಯುವ ನಿರ್ದೇಶಕರು ಮತ್ತು ಸಿಬ್ಬಂದಿ, ಅವರ ಜೊತೆಗೆ ಸ್ವಯಂಸೇವಕರು: ಇದು ಅದರ ಕಟ್ಟಡ. ಅಮೆರಿಕದಲ್ಲಿ ಇಂಥ ಧರ್ಮಾರ್ಥ ಸಂಸ್ಥೆಗೆ ಆದಾಯ ತೆರಿಗೆಯಿಂದ ವಿನಾಯಿತಿ ಇದೆ. ಬದಲಿಗೆ ಅದು ತನ್ನ ಲೆಕ್ಕವನ್ನು ಸಾರ್ವಜನಿಕರ ಮುಂದೆ ತೆರೆದಿಡಬೇಕು.

ಇಲ್ಲಿಯೇ ನಾಯಕತ್ವದ ಕಷ್ಟ ಇರುವುದು. ಕಂಪನಿಯ ಮ್ಯಾನೇಜರಿಗೆ ನೌಕರರ ಮೇಲೆ ಸಂಬಳದ ಹಿಡಿತ ಇರುತ್ತದೆ. ಸ್ವಯಂಸೇವಕನ ಮೇಲೆ ಯಾವ ಹಿಡಿತ? ಅವನಿಗೆ ಬೇಸರವಾದರೆ ನಾಳೆ ಬರುವುದಿಲ್ಲ, ಅಷ್ಟೇ. ದಾನಿಗೆ ಒಂದು ಆಸೆ, ನೆರೆಯವರಿಗೆ ಇನ್ನೊಂದು, ನಗರಸಭೆಗೆ ಮತ್ತೊಂದು. ಎಲ್ಲರನ್ನೂ ಒಂದೇ ದಾರಿಗೆ ತರುವುದು ಒಳ್ಳೆಯ ಮನಸ್ಸೊಂದರಿಂದ ಆಗುವ ಕೆಲಸವಲ್ಲ. "ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ" ಎಂಬ ಗಾದೆ ನಮ್ಮಲ್ಲಿದೆ. ಹತ್ತು ಜನರಿಂದ ಒಂದೊಂದು ಕಡ್ಡಿ ಎತ್ತಿಸುವುದು ಹೇಗೆ ಎಂಬುದನ್ನೇ ಈ ಶಾಸ್ತ್ರ ಕಲಿಸುತ್ತದೆ ಎನ್ನಬಹುದು.

ಸೆಂಟ್ರಲ್ ಪಾರ್ಕ್ ಕಲಿಸಿದ ಪಾಠ

ಈ ವಿಷಯದ ತರಗತಿಗಳಿಗೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ತುಂಬಾ ಒಪ್ಪುವ ಉದಾಹರಣೆ. 843 ಎಕರೆಯ ಉದ್ಯಾನ ಅದು. ನಮ್ಮ ಲಾಲ್‌ಬಾಗ್ ಸುಮಾರು 240 ಎಕರೆ ಎಂಬುದನ್ನು ನೆನೆದರೆ ಅದರ ವಿಸ್ತಾರ ಅರ್ಥವಾಗುತ್ತದೆ. 1858ರ ಸ್ಪರ್ಧೆಯಲ್ಲಿ ಗೆದ್ದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಅದನ್ನು ರೂಪಿಸಿದರು. ಇದೇ ಓಮ್‌ಸ್ಟೆಡ್ 1861ರಲ್ಲಿ, ಅಂತರ್ಯುದ್ಧದ ಸಮಯದಲ್ಲಿ, ಗಾಯಗೊಂಡ ಸೈನಿಕರ ಸೇವೆಗೆ ನಿಂತ ಸ್ವಯಂಸೇವಾ ಸಂಸ್ಥೆಯೊಂದರ ಕಾರ್ಯದರ್ಶಿಯೂ ಆದರು.

1970ರ ದಶಕದಲ್ಲಿ ನ್ಯೂಯಾರ್ಕ್ ನಗರದ ಬೊಕ್ಕಸ ಬರಿದಾಯಿತು. 1975ರಲ್ಲಿ ನಗರ ದಿವಾಳಿಯ ಅಂಚಿಗೆ ಬಂದು ನಿಂತಿತು. ಹಣಕ್ಕೆ ಕತ್ತರಿ ಬಿದ್ದಾಗ ಪಾರ್ಕುಗಳಿಗೂ ಪೆಟ್ಟು ಬಿತ್ತು. ಸೆಂಟ್ರಲ್ ಪಾರ್ಕಿನಲ್ಲಿ ಹುಲ್ಲು ಒಣಗಿ ಮಣ್ಣಾಯಿತು, ಬೆಂಚು ಮುರಿದವು, ಗೋಡೆಗಳ ಮೇಲೆಲ್ಲ ಗೀಚಾಟ. ಜನ ಒಳಗೆ ಹೋಗಲು ಹೆದರುವಂತಾಯಿತು. ಎಲ್ಲರ ಸ್ವತ್ತು ಯಾರ ಸ್ವತ್ತೂ ಅಲ್ಲ ಎಂಬಂತಾಗಿತ್ತು.

1979ರಲ್ಲಿ ಎಲಿಜಬೆತ್ ಬಾರ್ಲೊ ರಾಜರ್ಸ್ ಎಂಬ ಮಹಿಳೆ ಅದರ ಆಡಳಿತಾಧಿಕಾರಿಯಾದರು. ಮರುವರ್ಷ, 1980ರಲ್ಲಿ, ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆ ಹುಟ್ಟಿತು. ಉದ್ಯಾನ ನಗರದ ಸ್ವತ್ತಾಗಿಯೇ ಉಳಿಯಿತು. ಹಣ ಕೂಡಿಸುವ, ದುರಸ್ತಿ ಮಾಡುವ ಹೊಣೆಯನ್ನು ಸಂಸ್ಥೆ ಹೊತ್ತಿತು. 1996ರಲ್ಲಿ ಇಡೀ ಉದ್ಯಾನವನ್ನು 49 ವಲಯಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಬ್ಬೊಬ್ಬ ತೋಟಗಾರರನ್ನು ಹೊಣೆ ಮಾಡಲಾಯಿತು. ಈ ಸರಳ ಉಪಾಯದಿಂದ "ಇದು ನನ್ನ ಕೆಲಸವಲ್ಲ" ಎನ್ನುವ ಮಾತಿಗೆ ಎಡೆಯಿಲ್ಲವಾಯಿತು. 1998ರಲ್ಲಿ ನಗರವು ಸಂಸ್ಥೆಯೊಂದಿಗೆ ವಿಧಿವತ್ತಾಗಿ ಒಪ್ಪಂದ ಮಾಡಿಕೊಂಡಿತು. ಉದ್ಯಾನದ ನಿರ್ವಹಣೆಗೆ ಬೇಕಾದ ಹಣದ ಬಹುಪಾಲನ್ನು ಸಂಸ್ಥೆಯೇ ಕೂಡಿಸುತ್ತಾ ಬಂದಿದೆ.

ಕಥೆ ಇಲ್ಲಿಗೆ ಸುಖಾಂತವಾಗುವುದಿಲ್ಲ. 2012ರಲ್ಲಿ ಒಬ್ಬರೇ ದಾನಿ ಸೆಂಟ್ರಲ್ ಪಾರ್ಕಿಗೆ 10 ಕೋಟಿ ಡಾಲರ್ ಕೊಟ್ಟರು. ಆಗ ಒಂದು ಪ್ರಶ್ನೆ ಎದ್ದಿತು. ಶ್ರೀಮಂತರ ಮನೆಗಳ ನಡುವೆ ಇರುವ ಉದ್ಯಾನಕ್ಕೆ ದಾನಿಗಳು ಸಿಗುತ್ತಾರೆ, ಬಡವರ ಬಡಾವಣೆಯ ಪುಟ್ಟ ಮೈದಾನಕ್ಕೆ ಯಾರು ದಿಕ್ಕು? 2013ರಲ್ಲಿ ರಾಜ್ಯದ ಸೆನೆಟರ್ ಒಬ್ಬರು, ಹಣವುಳ್ಳ ಉದ್ಯಾನ ಸಂಸ್ಥೆಗಳು ತಮ್ಮ ಆಯವ್ಯಯದ ಶೇ. 20ರಷ್ಟನ್ನು ಬಡ ಉದ್ಯಾನಗಳಿಗೆ ಕೊಡಬೇಕೆಂಬ ಪ್ರಸ್ತಾಪ ತಂದರು. ಹಾಗೆ ಕಡ್ಡಾಯ ಮಾಡಿದರೆ ಕೊಡುವವರೇ ಹಿಂಜರಿಯುತ್ತಾರೆ ಎಂಬ ವಾದವೂ ಬಂತು. 2014ರಲ್ಲಿ ನಗರವೇ ಬಡ ಬಡಾವಣೆಗಳ 35 ಉದ್ಯಾನಗಳ ಪುನರ್ನಿರ್ಮಾಣದಿಂದ ಹೊಸ ಯೋಜನೆಯೊಂದನ್ನು ಆರಂಭಿಸಿತು.

ಯಾವ ವಾದ ಸರಿ? ಕೊಟ್ಟವನ ಇಚ್ಛೆ ದೊಡ್ಡದೋ, ಎಲ್ಲ ಮಕ್ಕಳಿಗೂ ಸಮಾನವಾಗಿ ಆಟದ ಬಯಲು ಸಿಗುವುದು ದೊಡ್ಡದೋ? ಅಂದಾಜಿನ ಮಾತಿನಿಂದ ಇದು ತೀರ್ಮಾನವಾಗುವುದಿಲ್ಲ. ಲೆಕ್ಕ ಬೇಕು, ಸಮೀಕ್ಷೆ ಬೇಕು, ಬೇರೆ ನಗರಗಳ ಅನುಭವ ಬೇಕು. ಪ್ರಾಧ್ಯಾಪಕರು ಬೇಕಾಗುವುದು ಇದಕ್ಕೆ.

ಪ್ರಾಧ್ಯಾಪಕರು ಮಾಡುವುದೇನು?

ಅವರ ಕೆಲಸದಲ್ಲಿ ಮೂರು ಭಾಗ: ಬೋಧನೆ, ಸಂಶೋಧನೆ, ಸೇವೆ. ಬೋಧನೆಯಲ್ಲಿ ಕಾರ್ಯಕ್ರಮಗಳ ಯೋಜನೆ, ಆಯವ್ಯಯ, ದೇಣಿಗೆ ಸಂಗ್ರಹ, ಸ್ವಯಂಸೇವಕರ ನಿರ್ವಹಣೆ, ಸುರಕ್ಷತೆ ಮುಂತಾದ ವಿಷಯಗಳು ಬರುತ್ತವೆ. ಸಂಶೋಧನೆಯಲ್ಲಿ ಅವರು ಕೇಳುವ ಪ್ರಶ್ನೆಗಳು ನೋಡಲು ಸರಳ. ಸ್ವಯಂಸೇವಕರು ಮಧ್ಯದಲ್ಲೇ ಬಿಡುವುದೇಕೆ? ಪ್ರವೇಶ ಶುಲ್ಕ ಹಾಕಿದರೆ ಯಾರು ಬರುವುದನ್ನು ನಿಲ್ಲಿಸುತ್ತಾರೆ? ವೃದ್ಧರಿಗೆ, ಅಂಗವಿಕಲ ಮಕ್ಕಳಿಗೆ ಉದ್ಯಾನ ಎಷ್ಟರ ಮಟ್ಟಿಗೆ ತೆರೆದಿದೆ? ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಜಾನ್ ಕ್ರಾಂಪ್ಟನ್, ಉದ್ಯಾನದ ಹತ್ತಿರವಿರುವ ಮನೆಗಳಿಗೆ ಹೆಚ್ಚು ಬೆಲೆ ಬರುವುದನ್ನೂ ಅದರಿಂದ ನಗರಕ್ಕೆ ತೆರಿಗೆ ಹೆಚ್ಚುವುದನ್ನೂ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. "ಪಾರ್ಕಿಗೆ ಹಣ ದಂಡ" ಎನ್ನುವವರಿಗೆ ಉತ್ತರ ಕೊಡಲು ಇಂಥ ಅಧ್ಯಯನ ಬೇಕಾಗುತ್ತದೆ. ಸೇವೆ ಎಂದರೆ ವಿಶ್ವವಿದ್ಯಾಲಯದ ಸಮಿತಿಗಳಲ್ಲಿ, ಊರಿನ ಸಂಸ್ಥೆಗಳಲ್ಲಿ ದುಡಿಯುವುದು.

ನಮ್ಮ ನಾಡಿಗೂ ಇದು ಹೊಸ ವಿಷಯವಲ್ಲ. ಬೆಂಗಳೂರಿನ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು ಪಾಲಿಕೆ ಮತ್ತು ಸುತ್ತಲಿನ ನಿವಾಸಿಗಳು ಕೂಡಿ ಉಳಿಸಿಕೊಂಡರು. ಈಗ ಅದರ ದಂಡೆ ಜನರ ವಿಹಾರದ ಜಾಗ. ಇಂಥ ಕೆರೆ, ಉದ್ಯಾನಗಳನ್ನು ಅಧ್ಯಯನ ಮಾಡಿದ ಹರಿಣಿ ನಾಗೇಂದ್ರ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಸಾಮೂಹಿಕ ಸಂಪತ್ತನ್ನು ಜನ ತಾವೇ ನಿರ್ವಹಿಸಬಲ್ಲರೆಂದು ತೋರಿಸಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್ ಅವರೊಂದಿಗೆ ಸಂಶೋಧನೆ ನಡೆಸಿದವರು ಅವರು.

ದಾರಿ ಮತ್ತು ದಾರಿಯ ಮುಳ್ಳು

ಈ ದಾರಿ ಸಾಮಾನ್ಯವಾಗಿ ಹೀಗಿದೆ. ಮೊದಲು ನಾಲ್ಕು ವರ್ಷದ ಪದವಿ. ಕ್ಲೆಮ್ಸನ್ ಮತ್ತು ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯಗಳಲ್ಲಿ ಉದ್ಯಾನ, ಮನೋರಂಜನೆ, ಪ್ರವಾಸೋದ್ಯಮ ಮೂರಕ್ಕೂ ಸೇರಿ ವಿಭಾಗಗಳಿವೆ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯವು ಉದ್ಯಾನ ನಿರ್ವಹಣೆಯನ್ನೂ ಲಾಭರಹಿತ ಸಂಸ್ಥೆಗಳ ನಾಯಕತ್ವವನ್ನೂ ಒಂದೇ ಸೂರಿನಡಿ ಬೆಳೆಸಿತು. ಸಮಾಜಕಾರ್ಯ, ಅರ್ಥಶಾಸ್ತ್ರ, ದೈಹಿಕ ಶಿಕ್ಷಣ ಓದಿದವರೂ ಮುಂದೆ ಈ ಕಡೆ ತಿರುಗಬಹುದು. ಪದವಿಯ ಬಳಿಕ ಎರಡು ಮೂರು ವರ್ಷ ಇಂಥ ಸಂಸ್ಥೆಯಲ್ಲಿ ಕೆಲಸ ಮಾಡಿದ್ದರೆ ಬಹಳ ಒಳ್ಳೆಯದು. ಶಿಬಿರದಲ್ಲಿ ಮಳೆ ಬಂದಾಗ ಇನ್ನೂರು ಮಕ್ಕಳನ್ನು ಎಲ್ಲಿ ಕೂರಿಸಬೇಕೆಂದು ಪುಸ್ತಕ ಹೇಳುವುದಿಲ್ಲ. ಬಳಿಕ ಸ್ನಾತಕೋತ್ತರ ಪದವಿಗೆ ಎರಡು ವರ್ಷ, ಪಿಎಚ್.ಡಿ.ಗೆ ನಾಲ್ಕೈದು ವರ್ಷ. ಅಲ್ಲಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆ. ಸುಮಾರು ಆರನೆಯ ವರ್ಷ ಕೆಲಸದ ಪರಿಶೀಲನೆ ನಡೆಯುತ್ತದೆ. ಅದರಲ್ಲಿ ತೇರ್ಗಡೆಯಾದರೆ ಹುದ್ದೆ ಖಾಯಂ, ಇಲ್ಲವಾದರೆ ಬೇರೆಡೆ ಹುಡುಕಬೇಕು.

ಪೋಷಕರು ಕೇಳುವ ಮೊದಲ ಪ್ರಶ್ನೆ ಖರ್ಚಿನದು. ಅಮೆರಿಕದ ಪದವಿ ಶಿಕ್ಷಣ ದುಬಾರಿ. ಆದರೆ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಅನೇಕ ಕಡೆ ಬೋಧನಾ ಅಥವಾ ಸಂಶೋಧನಾ ಸಹಾಯಕನ ಕೆಲಸ ದೊರೆತು, ಶುಲ್ಕ ಮಾಫಿಯಾಗಿ, ಜೀವನವೆಚ್ಚಕ್ಕೂ ಸ್ವಲ್ಪ ಹಣ ಬರುತ್ತದೆ. ಹಾಗಾಗಿ ಪದವಿಯನ್ನು ಭಾರತದಲ್ಲಿ ಮುಗಿಸಿ ಮುಂದಿನ ಓದಿಗೆ ಹೋಗುವುದು ಒಂದು ಜಾಣತನದ ದಾರಿ.

ಕಷ್ಟಗಳನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಪ್ರಾಧ್ಯಾಪಕ ಹುದ್ದೆಗಳು ಕಡಿಮೆ, ಅರ್ಜಿಗಳು ಹೆಚ್ಚು. ಸಂಬಳ ಸಾಫ್ಟ್‌ವೇರ್ ಕಂಪನಿಯ ಸಂಬಳಕ್ಕೆ ಸಾಟಿಯಲ್ಲ. ವೀಸಾ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಸಾಲ ಮಾಡಿ ಹೋಗಿ, ಓದು ಮುಗಿದ ಮೇಲೆ ಅಲ್ಲೇ ಕೆಲಸ ಖಂಡಿತ ಎಂದು ನಂಬುವುದು ಅಪಾಯ. ಆದರೆ ಈ ಓದು ಪ್ರಾಧ್ಯಾಪಕ ಹುದ್ದೆಗಷ್ಟೇ ಸೀಮಿತವಲ್ಲ. ಸ್ವಯಂಸೇವಾ ಸಂಸ್ಥೆಗಳು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ವಿಭಾಗಗಳು, ಕ್ರೀಡಾ ಸಂಸ್ಥೆಗಳು, ಪ್ರವಾಸೋದ್ಯಮ, ಇಲ್ಲೆಲ್ಲ ಇದು ಉಪಯೋಗಕ್ಕೆ ಬರುತ್ತದೆ.

ಇಂದೇ ಮಾಡಬಹುದಾದದ್ದು

ವಿದ್ಯಾರ್ಥಿಗಳೇ, ಇದಕ್ಕೆ ಹನ್ನೆರಡನೆಯ ತರಗತಿ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಸ್ಕೌಟ್ಸ್ ಮತ್ತು ಗೈಡ್ಸ್, ಪರಿಸರ ಸಂಘ, ಕ್ರೀಡಾ ದಿನದ ಸಮಿತಿ, ಯಾವುದಾದರೊಂದನ್ನು ಹಿಡಿದು ಎರಡು ವರ್ಷ ಬಿಡದೆ ಮಾಡಿ. ಎಷ್ಟು ಜನ ಬಂದರು, ಎಷ್ಟು ಖರ್ಚಾಯಿತು, ಮುಂದಿನ ಬಾರಿ ಏನು ಬದಲಿಸಬೇಕು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ಪ್ರಮಾಣಪತ್ರಗಳ ಕಟ್ಟಿಗಿಂತ ಆ ಪುಸ್ತಕ ನಿಮ್ಮ ಬಗ್ಗೆ ಹೆಚ್ಚು ಹೇಳುತ್ತದೆ. ಒಂದು ಎಚ್ಚರಿಕೆ: ನಾವಿರುವ ಕೊಲ್ಲಿ ನಾಡುಗಳಲ್ಲಿ ಅನುಮತಿಯಿಲ್ಲದೆ ಚಂದಾ ಎತ್ತುವುದು ಕಾನೂನಿಗೆ ವಿರುದ್ಧ. ಏನೇ ಮಾಡಿದರೂ ಶಾಲೆಯ ಮೂಲಕ, ಹಿರಿಯರಿಗೆ ತಿಳಿಸಿಯೇ ಮಾಡಿ. ಕಾನೂನು ತಿಳಿದು ನಡೆಯುವುದೂ ನಾಯಕತ್ವದ ಮೊದಲ ಪಾಠವೇ.

ಪೋಷಕರಲ್ಲಿ ನಮ್ಮದೊಂದು ವಿನಂತಿ. ಬಿಸಿಲಿಳಿದ ಮೇಲೆ ಇಲ್ಲಿನ ಪಾರ್ಕುಗಳು ಎಷ್ಟು ತುಂಬಿರುತ್ತವೆ ಎಂಬುದು ನಿಮಗೆ ಗೊತ್ತು. ಫ್ಲ್ಯಾಟಿನ ನಾಲ್ಕು ಗೋಡೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಕಾಲೂರಿ ಓಡಲು ಸಿಗುವ ನೆಲ ಅದೊಂದೇ. ಆ ಹುಲ್ಲು ಹಸಿರಾಗಿರಲು, ಆ ಉಯ್ಯಾಲೆ ಮುರಿಯದಿರಲು ಎಲ್ಲೋ ಯಾರೋ ಯೋಚಿಸಿ, ಲೆಕ್ಕ ಹಾಕಿ, ಜನರನ್ನು ಕೂಡಿಸಿ ದುಡಿಯುತ್ತಿದ್ದಾರೆ. ಕುರ್ಚಿ ಎತ್ತಿಡುವ ಹುಡುಗ, ಜಗಳ ಬಿಡಿಸುವ ಹುಡುಗಿ ನಿಮ್ಮ ಮನೆಯಲ್ಲಿದ್ದರೆ, "ಇದರಿಂದ ಏನು ಬಂತು?" ಎಂದು ಗದರಿಸುವ ಮೊದಲು ಈ ಓದಿನ ಬಗ್ಗೆಯೂ ಒಂದು ದಿನ ಅವರೊಂದಿಗೆ ಕೂತು ಮಾತಾಡಿ.