ಬರೆದಿಟ್ಟ ಅರಿವು, ಬಾಯಲ್ಲಿ ಉಳಿದ ಅರಿವು

ಒಂದು ಪ್ರದೇಶದ ಜನ ತಮ್ಮ ಸುತ್ತಲಿನ ಮಣ್ಣು, ಗಿಡಮರ, ಪ್ರಾಣಿಪಕ್ಷಿಗಳ ಒಡನಾಟದಲ್ಲಿ ಗಳಿಸಿ, ತಲೆಮಾರಿನಿಂದ ತಲೆಮಾರಿಗೆ ದಾಟಿಸುತ್ತ ಬಂದ ತಿಳಿವಳಿಕೆಯನ್ನು ಪಾರಂಪರಿಕ ಜ್ಞಾನವೆಂದು ಕರೆಯಲಾಗುತ್ತದೆ. ಅದಕ್ಕೆ ಒಬ್ಬ ಕರ್ತೃವಿಲ್ಲ, ಹುಟ್ಟಿದ ದಿನಾಂಕವೂ ಇಲ್ಲ. ಬೌದ್ಧಿಕ ಆಸ್ತಿಯ ಕಾನೂನು ಮೊದಲು ಕೇಳುವುದಾದರೋ ಇವೆರಡನ್ನೇ. ಹೊಸದಾಗಿ ಕಂಡುಹಿಡಿದದ್ದನ್ನು ಬೇರಾರೂ ಬಳಸದಂತೆ ನಿರ್ದಿಷ್ಟ ಅವಧಿಯವರೆಗೆ ತಡೆಯಲು ಸರ್ಕಾರ ಕೊಡುವ ಹಕ್ಕು ಪೇಟೆಂಟ್. ಒಂದು ಸಮಾಜಕ್ಕೆ ಹಳೆಯದಾದ ಸಂಗತಿ ಇನ್ನೊಂದು ದೇಶದ ಪೇಟೆಂಟ್ ಕಚೇರಿಗೆ ಹೊಸದಾಗಿ ಕಂಡಾಗ ಏನಾಗುತ್ತದೆ ಎಂಬುದು ಭಾರತಕ್ಕೆ ಸ್ಪಷ್ಟವಾಗಿ ಅರಿವಾದದ್ದು 1995ರಲ್ಲಿ, ಗಾಯ ಮಾಯಿಸಲು ಅರಿಶಿನವನ್ನು ಬಳಸುವ ವಿಧಾನಕ್ಕೆ ಅಮೆರಿಕದ ಪೇಟೆಂಟ್ ಕಚೇರಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ನೀಡಿದಾಗ.

ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ಅಂದರೆ ಸಿಎಸ್‌ಐಆರ್, ಇದನ್ನು 1996ರಲ್ಲಿ ಪ್ರಶ್ನಿಸಿತು. ಕೋಟ್ಯಂತರ ಮನೆಗಳಲ್ಲಿ ಅರಿಶಿನದ ಬಳಕೆ ನಡೆದೇ ಇದೆಯೆಂದು ಹೇಳಿದರೆ ಅಲ್ಲಿ ಸಾಲುತ್ತಿರಲಿಲ್ಲ, ಏಕೆಂದರೆ ಆಗಿನ ಅಮೆರಿಕದ ಕಾನೂನು ಹೊರದೇಶದ ಬಳಕೆಗೆ ಮುದ್ರಿತ ಪುರಾವೆ ಇದ್ದರೆ ಮಾತ್ರ ಅದನ್ನು ಪರಿಗಣಿಸುತ್ತಿತ್ತು. ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳ ಉಲ್ಲೇಖಗಳ ಜೊತೆಗೆ, ಭಾರತೀಯ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ 1953ರಲ್ಲಿ ಪ್ರಕಟವಾಗಿದ್ದ ಲೇಖನವನ್ನೂ ಮುಂದಿಟ್ಟ ಬಳಿಕ 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಬೇವಿನ ಎಣ್ಣೆಯಿಂದ ಗಿಡಗಳ ಮೇಲಿನ ಶಿಲೀಂಧ್ರಗಳನ್ನು ನಿಯಂತ್ರಿಸುವ ವಿಧಾನಕ್ಕೆ ಯುರೋಪಿನಲ್ಲಿ ಸಿಕ್ಕಿದ್ದ ಪೇಟೆಂಟ್ ಸಂಪೂರ್ಣವಾಗಿ ಬಿದ್ದುಹೋದದ್ದು 2005ರಲ್ಲಿ. ಆ ಪೇಟೆಂಟಿನ ಒಡೆತನದಲ್ಲಿ ಅಮೆರಿಕ ಸರ್ಕಾರದ ಕೃಷಿ ಇಲಾಖೆಯೇ ಪಾಲುದಾರನಾಗಿತ್ತು. ಅದರ ವಿರುದ್ಧ ನಿಂತವರು ಭಾರತದ ಪರಿಸರ ಹೋರಾಟಗಾರ್ತಿ ವಂದನಾ ಶಿವ ಮತ್ತು ಯುರೋಪಿನ ಪರಿಸರವಾದಿ ಹಾಗೂ ಸಾವಯವ ಕೃಷಿ ಚಳವಳಿಗಳವರು.

ಒಂದೊಂದು ಪೇಟೆಂಟಿನ ಬೆನ್ನು ಹತ್ತಿ ಹೀಗೆ ವರ್ಷಗಟ್ಟಲೆ ಹೋರಾಡುವುದಕ್ಕಿಂತ, ಪರಿಶೀಲಕರ ಕೈಗೇ ಪುರಾವೆ ಮೊದಲೇ ಸಿಗುವಂತೆ ಮಾಡುವುದು ಲೇಸೆಂಬ ಆಲೋಚನೆಯಿಂದ 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕೆಲಸ ಆರಂಭವಾಯಿತು. ಸಿಎಸ್‌ಐಆರ್ ಮತ್ತು ಇಂದು ಆಯುಷ್ ಸಚಿವಾಲಯವಾಗಿರುವ ಇಲಾಖೆ ಇದರ ಹೊಣೆ ಹೊತ್ತವು. ಮಾಹಿತಿ ತಂತ್ರಜ್ಞರು ಮತ್ತು ಆಯುರ್ವೇದ, ಯುನಾನಿ, ಸಿದ್ಧ ಪದ್ಧತಿಗಳ ವಿದ್ವಾಂಸರು ಒಂದೆಡೆ ಕುಳಿತು ಕೆಲಸ ಮಾಡಿದರು. ಆಯುರ್ವೇದ ಗ್ರಂಥದ ಒಂದು ಶ್ಲೋಕವನ್ನು ತೆಗೆದುಕೊಂಡರೆ, ಅದರಲ್ಲಿ ಬರುವ ಮೂಲಿಕೆಯ ಹೆಸರಿಗೆ ಸಸ್ಯಶಾಸ್ತ್ರದ ಹೆಸರನ್ನು ಜೋಡಿಸಿ, ಬಳಸಬೇಕಾದದ್ದು ಬೇರೋ ತೊಗಟೆಯೋ ಎಲೆಯೋ ಎಂಬುದನ್ನೂ, ಕಷಾಯವೋ ಲೇಪವೋ ಚೂರ್ಣವೋ ಎಂಬುದನ್ನೂ, ಯಾವ ರೋಗಕ್ಕೆ ಎಂಬುದನ್ನೂ ಬೇರೆ ಬೇರೆ ಸಂಕೇತಗಳಾಗಿ ಬಿಡಿಸಿಡಲಾಗುತ್ತದೆ. ಹೀಗೆ ಬಿಡಿಸಿಟ್ಟದ್ದು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಮತ್ತು ಜಪಾನಿ ಭಾಷೆಗಳಲ್ಲಿ ಓದಲು ಸಿಗುವುದರಿಂದ, ಮ್ಯೂನಿಚ್ಚಿನ ಪೇಟೆಂಟ್ ಕಚೇರಿಯಲ್ಲಿ ಕುಳಿತ ಪರಿಶೀಲಕನಿಗೆ ಸಂಸ್ಕೃತ ಗೊತ್ತಿಲ್ಲದಿದ್ದರೂ ಅರ್ಜಿಯಲ್ಲಿರುವುದು ಹಳೆಯ ಸಂಗತಿಯೇ ಎಂಬುದನ್ನು ತನ್ನ ಮೇಜಿನಲ್ಲೇ ನೋಡಿಕೊಳ್ಳಬಹುದಾಯಿತು. ಔಷಧೀಯ ಸಸ್ಯಗಳಿಗೆಂದು ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದಲ್ಲಿ ಮೊದಲು ಒಂದೇ ಒಂದು ಉಪವರ್ಗವಿದ್ದು, ಭಾರತದ ಒತ್ತಾಸೆಯ ನಂತರ ಅದು ಸುಮಾರು 200 ಉಪವರ್ಗಗಳಾಗಿ ವಿಸ್ತಾರಗೊಂಡದ್ದು ಹೆಚ್ಚು ಜನರ ಗಮನಕ್ಕೆ ಬಾರದಿದ್ದರೂ ದೊಡ್ಡ ಗೆಲುವೇ ಸರಿ. ಗ್ರಂಥಾಲಯವನ್ನು ಪರಿಶೀಲಕರಿಗೆ ತೆರೆದಿಡಲು ಯುರೋಪಿನ ಪೇಟೆಂಟ್ ಕಚೇರಿಯೊಂದಿಗೆ 2009ರಲ್ಲಿ ಒಪ್ಪಂದವಾಯಿತು, ಮುಂದೆ ಅಮೆರಿಕ, ಜಪಾನ್ ಮೊದಲಾದ ದೇಶಗಳ ಕಚೇರಿಗಳೂ ಸೇರಿಕೊಂಡವು. ಇಂದು ಆ ಗ್ರಂಥಾಲಯದಲ್ಲಿ 4 ಲಕ್ಷಕ್ಕೂ ಹೆಚ್ಚು ಯೋಗಗಳ, ಎಂದರೆ ಔಷಧ ತಯಾರಿಕೆಯ ಕ್ರಮಗಳ, ವಿವರವಿದೆ. ಸರ್ಕಾರಗಳು ಪರಸ್ಪರ ಸಹಕರಿಸಿದರೆ ಏನಾಗಬಹುದು ಎಂಬುದಕ್ಕೆ ಇಷ್ಟು ಒಳ್ಳೆಯ ನಿದರ್ಶನ ಅಪರೂಪ.

ಆದರೆ ಗ್ರಂಥಾಲಯವೆಂಬ ಈ ಕೋಟೆಯೊಳಗೆ ಇರುವುದು ಬಹುಪಾಲು ಗ್ರಂಥಸ್ಥವಾದ ಜ್ಞಾನ. ಕಾಡಂಚಿನ ಹಾಡಿಗಳಲ್ಲಿ, ನಾಟಿ ವೈದ್ಯರ ಮನೆಗಳಲ್ಲಿ ಬಾಯಿಂದ ಬಾಯಿಗೆ ಬಂದದ್ದಕ್ಕೆ ತೋರಿಸಲು ಶ್ಲೋಕವಿಲ್ಲ, ಮತ್ತು ಅಂಥ ಜ್ಞಾನದ ವಿಷಯದಲ್ಲಿ ಬೇಕಾದ ಸಹಕಾರ ದೇಶದೇಶಗಳ ನಡುವಿನದಷ್ಟೇ ಅಲ್ಲ, ಒಂದೇ ಸರ್ಕಾರದ ಇಲಾಖೆ ಇಲಾಖೆಗಳ ನಡುವಿನದು ಕೂಡ. ಕೇರಳದ ಕಾಣಿ ಬುಡಕಟ್ಟಿನವರ ಪ್ರಸಂಗ ಇದನ್ನು ನಿಚ್ಚಳವಾಗಿ ತೋರಿಸುತ್ತದೆ. ತಿರುವನಂತಪುರದ ಸಮೀಪದ ಅಗಸ್ತ್ಯ ಬೆಟ್ಟಗಳಲ್ಲಿ 1987ರಲ್ಲಿ ಅಧ್ಯಯನಕ್ಕೆ ಹೋಗಿದ್ದ ವಿಜ್ಞಾನಿಗಳು, ದಾರಿ ತೋರಿಸುತ್ತಿದ್ದ ಕಾಣಿಗಳು ಒಂದು ಗಿಡದ ಕಾಯಿ ತಿಂದು ದಣಿವಿಲ್ಲದೆ ಬೆಟ್ಟ ಹತ್ತುವುದನ್ನು ಕಂಡರು. ಆರೋಗ್ಯಪಚ್ಚ ಎಂಬ ಆ ಗಿಡದ ಎಲೆಯಿಂದ ಪಾಲೋಡಿನ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆ ‘ಜೀವನಿ’ ಎಂಬ ಔಷಧವನ್ನು ರೂಪಿಸಿತು. ತಯಾರಿಕೆಯ ಪರವಾನಗಿಯನ್ನು 1995ರಲ್ಲಿ ಕೊಯಮತ್ತೂರಿನ ಔಷಧ ಕಂಪನಿಗೆ 10 ಲಕ್ಷ ರೂಪಾಯಿ ಶುಲ್ಕ ಮತ್ತು ಮಾರಾಟದ ಮೇಲೆ ಶೇಕಡಾ 2ರ ರಾಯಧನಕ್ಕೆ ಕೊಟ್ಟು, ಬಂದದ್ದರಲ್ಲಿ ಅರ್ಧ ಕಾಣಿಗಳಿಗೆ ಎಂದು ನಿಗದಿ ಮಾಡಿತು. ಜ್ಞಾನದ ಲಾಭವನ್ನು ಅದರ ಒಡೆಯರೊಂದಿಗೆ ಹಂಚಿಕೊಂಡ ಮೊದಲ ಪ್ರಯತ್ನಗಳಲ್ಲೊಂದೆಂದು ಜಗತ್ತು ಇದನ್ನು ಕೊಂಡಾಡಿತು. ಆದರೆ ಹಣ ಪಡೆಯಲು ಬೇಕಾದ ಟ್ರಸ್ಟ್ ನೋಂದಣಿಯಾದದ್ದು 1997ರಲ್ಲಿ, ಹಣ ಕೈ ಸೇರಿದ್ದು 1999ರಲ್ಲಿ. ಅಷ್ಟರಲ್ಲಿ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಈ ಗಿಡ ಇಲ್ಲವೆಂಬ ಕಾರಣಕ್ಕೆ ಅರಣ್ಯ ಇಲಾಖೆ ಎಲೆ ಕೊಯ್ಲಿಗೆ ತಡೆಯೊಡ್ಡಿತ್ತು. ತಮ್ಮ ವಿದ್ಯೆಯನ್ನು ತಮ್ಮನ್ನು ಕೇಳದೆ ಮಾರಲಾಯಿತೆಂದು ‘ಪ್ಲಾತಿ’ಗಳಲ್ಲಿ, ಎಂದರೆ ಕಾಣಿಗಳ ಪಾರಂಪರಿಕ ವೈದ್ಯರಲ್ಲಿ, ಕೆಲವರು ಆಕ್ಷೇಪಿಸಿದ್ದನ್ನು ಕೂಡ ಮರೆಯಬಾರದು, ಕಾಡಿನ ಬೇರೆ ಭಾಗಗಳ ಕಾಣಿಗಳನ್ನು ಯಾರೂ ಮೊದಲಿಗೆ ಕೇಳಿಯೇ ಇರಲಿಲ್ಲ.

2002ರ ಜೈವಿಕ ವೈವಿಧ್ಯ ಕಾಯ್ದೆ ಇಂಥ ಗೊಂದಲಗಳಿಗೆ ಒಂದು ಚೌಕಟ್ಟು ಕಟ್ಟಿತು. ಚೆನ್ನೈನಲ್ಲಿ ರಾಷ್ಟ್ರೀಯ ಪ್ರಾಧಿಕಾರ, ರಾಜ್ಯಗಳಲ್ಲಿ ಮಂಡಳಿಗಳು, ಪಂಚಾಯಿತಿ ಮಟ್ಟದಲ್ಲಿ ಜೈವಿಕ ವೈವಿಧ್ಯ ನಿರ್ವಹಣಾ ಸಮಿತಿಗಳು ಎಂಬ ಮೂರು ಹಂತಗಳನ್ನು ರೂಪಿಸಿ, ಸ್ಥಳೀಯರ ಜೊತೆ ಸಮಾಲೋಚಿಸಿ ಊರಿನ ಸಸ್ಯ, ಪ್ರಾಣಿ, ತಳಿ ಮತ್ತು ಅವುಗಳ ಬಳಕೆಯ ತಿಳಿವಳಿಕೆಯನ್ನು ‘ಜನತಾ ಜೈವಿಕ ವೈವಿಧ್ಯ ದಾಖಲಾತಿ’ಯಲ್ಲಿ ಬರೆದಿಡುವ ಕೆಲಸವನ್ನು ಆ ಸಮಿತಿಗಳಿಗೆ ವಹಿಸಿತು. ಈ ದಾಖಲಾತಿಯ ಕಲ್ಪನೆಯನ್ನು ಬೆಳೆಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಪ್ರಮುಖರು. ಆದರೆ ವರ್ಷಗಳ ಕಾಲ ನಿಧಾನವಾಗಿ ಸಾಗಿದ್ದ ಕೆಲಸಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ಹಾಕಿ, ತಪ್ಪಿದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಗೊತ್ತುಪಡಿಸಿದ ನಂತರ, ದಾಖಲಾತಿಗಳು ಆತುರದಿಂದ ಸಿದ್ಧವಾಗತೊಡಗಿದವು. ಗಡುವಿಗೆ ಹೆದರಿ ತುಂಬಿದ ನಮೂನೆಯಲ್ಲಿ ಮರಗಳ ಹೆಸರು ಸಿಗಬಹುದೇ ಹೊರತು, ಯಾವ ಋತುವಿನಲ್ಲಿ ಯಾವ ಬೇರನ್ನು ಎಷ್ಟು ಮಾತ್ರ ಕೀಳಬೇಕೆಂಬ ಅಜ್ಜಿಯ ಅನುಭವ ಸಿಗುವುದು ಕಷ್ಟ.

ಇದೇ ಕಾಯ್ದೆ ಹೇಳುವ ಲಾಭ ಹಂಚಿಕೆಯ ಹೊಣೆ ವಿದೇಶಿ ಕಂಪನಿಗಳದಷ್ಟೇ ಅಲ್ಲ, ದೇಶದೊಳಗಿನ ಕಂಪನಿಗಳದೂ ಹೌದೆಂದು ಉತ್ತರಾಖಂಡ ಹೈಕೋರ್ಟ್ 2018ರಲ್ಲಿ ತೀರ್ಪಿತ್ತಿತು. 2023ರ ತಿದ್ದುಪಡಿ ಮಾತ್ರ ಗ್ರಂಥಸ್ಥವಾದ ಪಾರಂಪರಿಕ ಜ್ಞಾನದ ಬಳಕೆಗೆ ಈ ಹೊಣೆಯಿಂದ ರಿಯಾಯಿತಿ ನೀಡಿತು; ಆಯುರ್ವೇದ ಉದ್ಯಮಕ್ಕೆ ಇದರಿಂದ ಹಗುರವಾಯಿತಾದರೂ, ಗ್ರಂಥದಲ್ಲಿರುವ ಗಿಡವನ್ನೇ ಇಂದಿಗೂ ಕಾಡಿನಲ್ಲಿ ಗುರುತಿಸಿ ಕಾಯುತ್ತಿರುವವರ ಪಾಲು ಎಲ್ಲಿ ಹೋಯಿತೆಂಬ ಪ್ರಶ್ನೆಗೆ ಕಾಯ್ದೆ ತೃಪ್ತಿಕರ ಉತ್ತರ ಕೊಡುವುದಿಲ್ಲ. ಜಿನೀವಾದಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಸದಸ್ಯರು 2024ರ ಮೇ 24ರಂದು ಅಂಗೀಕರಿಸಿದ ಒಪ್ಪಂದ, ಪೇಟೆಂಟ್ ಕೋರುವವರು ತಾವು ಬಳಸಿದ ಸಸ್ಯಾದಿ ಜೈವಿಕ ಸಂಪನ್ಮೂಲ ಯಾವ ದೇಶದ್ದು, ಜ್ಞಾನ ಯಾವ ಸಮುದಾಯದ್ದು ಎಂಬುದನ್ನು ಅರ್ಜಿಯಲ್ಲಿ ತಿಳಿಸಬೇಕೆನ್ನುತ್ತದೆ. ಭಾರತದ ಮಟ್ಟಿಗೆ ಆ ವಿವರ ತುಂಬಲು ಪಂಚಾಯಿತಿಯ ಸಮಿತಿಯನ್ನು ಕೇಳುವುದೇ ಸರಿಯಾದ ದಾರಿ. ಜೈವಿಕ ಸಂಪನ್ಮೂಲದ ಬಗ್ಗೆ ತೀರ್ಮಾನ ಕೈಗೊಳ್ಳುವಾಗ ಪ್ರಾಧಿಕಾರವೂ ಮಂಡಳಿಗಳೂ ಈ ಸಮಿತಿಗಳ ಸಲಹೆ ಪಡೆಯಬೇಕೆಂದು 2002ರ ಕಾಯ್ದೆಯ 41ನೇ ಕಲಂ ಆಗಲೇ ಹೇಳಿತ್ತು.